ಬೆಳಕಿನ ಮತ್ತೊಂದು ಚರಿತ್ರೆ

ಚರಿತ್ರೆಯೆಂದರೆ ನಡೆದುಹೋದ ಸಂಗತಿಗಳ ವೃತ್ತಾಂತ. ಯಾವ ಅರಸನು ಎಂದು ಪಟ್ಟವೇರಿದನು, ಯಾವ ಯುದ್ಧವು ಎಲ್ಲಿ ನಡೆಯಿತು, ಯಾವ ಕೋಟೆಯನ್ನು ಯಾರು ಕಟ್ಟಿಸಿದರು ಎಂಬುದನ್ನು ನಾವು ಅದರಿಂದ ತಿಳಿಯುತ್ತೇವೆ. ಆದರೆ ನಡೆಯಬಹುದಾಗಿದ್ದರೂ ನಡೆಯದೆ ಉಳಿದ ಸಂಗತಿಗಳು ಎಷ್ಟೋ ಇವೆ. ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು, “ಅಂದು ಕೆರೆಯ ಹೂಳು ತೆಗೆದಿದ್ದರೆ ಇಂದು ನೀರಿಗೆ ಈ ಪಾಡು ಬರುತ್ತಿರಲಿಲ್ಲ” ಎಂದು ಹೇಳುವುದನ್ನು ನೀವು ಕೇಳಿರಬಹುದು. ಆ ಮಾತಿನಲ್ಲಿರುವ ‘ರೆ’ ಎಂಬ ಒಂದಕ್ಷರದ ಪ್ರತ್ಯಯವು ಚಿಕ್ಕದಾದರೂ ಅದರ ಶಕ್ತಿ ದೊಡ್ಡದು. ನಡೆದುದರ ಪಕ್ಕದಲ್ಲಿಯೇ ನಡೆಯಬಹುದಾಗಿದ್ದುದನ್ನು ಅದು ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ.

ಈ ‘ರೆ’ ಪ್ರತ್ಯಯವನ್ನು ಹಿಡಿದು, ಸಾಕ್ಷ್ಯಾಧಾರಗಳನ್ನು ಬಿಡದೆ, ಕ್ರಮಬದ್ಧವಾಗಿ ಕಲ್ಪಿಸಿಕೊಂಡ ಚರಿತ್ರೆಗೆ ಪರ್ಯಾಯ ಇತಿಹಾಸವೆಂದು ಹೆಸರು. ಅದು ಚರಿತ್ರೆಯನ್ನು ತಿದ್ದುವ ಪ್ರಯತ್ನವಲ್ಲ. ಸುಳ್ಳನ್ನು ಸತ್ಯವೆಂದು ನಂಬಿಸುವ ಉಪಾಯವೂ ಅಲ್ಲ. ಈಗಿರುವ ಸ್ಥಿತಿಯೊಂದೇ ಸಾಧ್ಯವಾಗಿದ್ದ ಸ್ಥಿತಿಯೆಂಬ ಭ್ರಮೆಯನ್ನು ಕಳೆಯುವ ಒಂದು ಬಗೆಯ ಚಿಂತನೆ ಅದು. ಕಳೆದ ಇನ್ನೂರು ವರ್ಷಗಳಲ್ಲಿ ಜಗತ್ತು ಕಲ್ಲಿದ್ದಲು ಮತ್ತು ಖನಿಜ ತೈಲಗಳನ್ನು ಸುಡುವ ದಾರಿಯನ್ನು ಹಿಡಿಯಿತು. ಅದರ ಬದಲು ಬಿಸಿಲು, ಗಾಳಿ, ನೀರುಗಳನ್ನೇ ನೆಚ್ಚಿ ನಡೆದಿದ್ದರೆ ನಮ್ಮ ನಾಡು ಹೇಗಿರುತ್ತಿತ್ತು? ಈ ಪ್ರಶ್ನೆಯನ್ನು ಬೀದರ ನಗರ, ಭಾಲ್ಕಿ ಮತ್ತು ಔರಾದಗಳನ್ನು ಎದುರಿಗಿಟ್ಟುಕೊಂಡು ವಿಚಾರ ಮಾಡೋಣ.

ಮೊದಲು ಶಕ್ತಿಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯಲ್ಲಿ ಹೂತುಹೋದ ಸಸ್ಯಗಳಿಂದ ಆದದ್ದು. ಆ ಸಸ್ಯಗಳು ಅಂದು ಹೀರಿದ್ದ ಬಿಸಿಲೇ ಅದರೊಳಗಿನ ಶಾಖ. ಅದನ್ನು ಒಮ್ಮೆ ಸುಟ್ಟರೆ ಮುಗಿಯಿತು, ಮತ್ತೆ ದೊರೆಯುವುದಿಲ್ಲ. ಅಷ್ಟೇ ಅಲ್ಲದೆ, ಸುಟ್ಟಾಗ ಹೊರಬೀಳುವ ಇಂಗಾಲದ ಡೈ ಆಕ್ಸೈಡು ವಾತಾವರಣದಲ್ಲಿ ಸೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಬಿಸಿಲು, ಗಾಳಿ, ಹರಿಯುವ ನೀರು ಇವುಗಳ ಸಂಗತಿ ಹಾಗಲ್ಲ. ಇಂದು ಬಳಸಿದಷ್ಟು ನಾಳೆ ಮತ್ತೆ ಬರುತ್ತದೆ. ಆದುದರಿಂದಲೇ ಇವುಗಳನ್ನು ನವೀಕರಿಸಬಹುದಾದ ಶಕ್ತಿಮೂಲಗಳೆಂದು ಕರೆಯುತ್ತಾರೆ. ಮೊದಲನೆಯದು ಅಜ್ಜ ಕೂಡಿಟ್ಟ ಗಂಟನ್ನು ಕರಗಿಸಿ ಬಾಳುವ ಬಗೆ. ಎರಡನೆಯದು ದಿನದ ದುಡಿಮೆಯಲ್ಲಿ ಬಾಳುವ ಬಗೆ.

ದಿನದ ದುಡಿಮೆಯಲ್ಲಿ ಬಾಳುವ ಈ ಬಗೆಯು ಬೀದರಿಗೆ ಹೊಸದಲ್ಲ. ಸಮುದ್ರ ಮಟ್ಟದಿಂದ ಸುಮಾರು 2200 ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ ಈ ನಗರವಿದೆ. ಮೇಲ್ಪದರದಲ್ಲಿ ರಂಧ್ರಗಳಿಂದ ತುಂಬಿದ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಕೆಳಗೆ ಜೇಡಿಯ ಪದರ ಮತ್ತು ಗಟ್ಟಿಯಾದ ಕಪ್ಪು ಬಸಾಲ್ಟ್ ಶಿಲೆ. ಬಿದ್ದ ಮಳೆಯು ಜಂಬಿಟ್ಟಿಗೆಯಲ್ಲಿ ಇಂಗಿ, ಕೆಳಗಿನ ಗಟ್ಟಿ ಪದರದ ಮೇಲೆ ನಿಂತು, ಇಳಿಜಾರು ಸಿಕ್ಕಲ್ಲಿ ಝರಿಯಾಗಿ ಹೊಮ್ಮುತ್ತದೆ. ನಾನಕ್ ಝೀರಾದ ನೀರೂ, ಝರಣಿ ನರಸಿಂಹನ ಗುಹೆಯ ನೀರೂ, ಪಾಪನಾಶದ ನೀರೂ ಹೀಗೆಯೇ ಬರುತ್ತವೆ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಇರಾನ್ ದೇಶದ ವಿದ್ವಾಂಸರೂ ಸಂತರೂ ಶಿಲ್ಪಿಗಳೂ ಅವನ ಆಸ್ಥಾನಕ್ಕೆ ಬಂದರು. ಅವರ ನಾಡಿನ ಒಂದು ಜಲವಿದ್ಯೆಯೂ ಬೀದರಿನಲ್ಲಿ ನೆಲೆಗೊಂಡಿತು. ಅದೇ ಕರೇಜ್, ಎಂದರೆ ಸುರಂಗ ಬಾವಿ.

ಕರೇಜಿನ ರಚನೆ ಸರಳವಾದದ್ದು, ಆದರೆ ಸೂಕ್ಷ್ಮವಾದದ್ದು. ಎತ್ತರದ ನೆಲದಲ್ಲಿ ಅಂತರ್ಜಲವಿರುವ ಕಡೆ ಒಂದು ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ನೆಲದೊಳಗೆ ಬಹು ಕಡಮೆ ಇಳಿಜಾರಿನ ಸುರಂಗವನ್ನು ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ಸುರಂಗವನ್ನು ಕೊರೆದುಹಾಕುವುದು; ಕಡಮೆಯಾದರೆ ನಿಂತು ಹೂಳು ತುಂಬುವುದು. ಮಣ್ಣನ್ನು ಮೇಲೆತ್ತುವುದಕ್ಕೂ, ಒಳಗೆ ಗಾಳಿಯಾಡುವುದಕ್ಕೂ ಅಲ್ಲಲ್ಲಿ ನೆಟ್ಟನೆಯ ಬಾವಿಗಳನ್ನು ಬಿಡುತ್ತಾರೆ. ಬೀದರಿನ ನೌಬಾದ್ ಕರೇಜಿನಲ್ಲಿ ಇಂಥ ಇಪ್ಪತ್ತೊಂದು ಬಾವಿಗಳನ್ನು ಗುರುತಿಸಲಾಗಿದೆ. ಶುಕ್ಲತೀರ್ಥ ಮತ್ತು ಜಮುನಾ ಮೋರಿ ಎಂಬ ಇನ್ನೆರಡು ಕರೇಜುಗಳೂ ಇಲ್ಲಿವೆ. ಎತ್ತಿಲ್ಲದೆ, ಏತವಿಲ್ಲದೆ, ಒಂದು ಹಿಡಿ ಸೌದೆಯನ್ನೂ ಸುಡದೆ, ಕೇವಲ ಭೂಮಿಯ ಸೆಳೆತದಿಂದಲೇ ನೀರು ಹರಿದು ಬರುತ್ತಿತ್ತು. ಇರಾನಿನ ಇಂಥ ಹನ್ನೊಂದು ಸುರಂಗ ಬಾವಿಗಳನ್ನು 2016ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ನಮ್ಮ ಮೊದಲನೆಯ ‘ರೆ’ ಎದುರಾಗುತ್ತದೆ. ಪೂರ್ವ ಇರಾನಿನ ಸೀಸ್ತಾನ್ ಪ್ರಾಂತದಲ್ಲಿ ಗಾಳಿಯಿಂದ ತಿರುಗುವ ಬೀಸುವ ಯಂತ್ರಗಳಿದ್ದುವೆಂದು ಸಾವಿರ ವರ್ಷಗಳ ಹಿಂದಿನ ಭೂಗೋಳ ಲೇಖಕರು ಬರೆದಿದ್ದಾರೆ. ನೆಟ್ಟಗೆ ನಿಂತ ಕಂಬದ ಸುತ್ತ ಹಾಯಿಗಳು ತಿರುಗಿ, ಕೆಳಗಿನ ಬೀಸುವ ಕಲ್ಲನ್ನು ತಿರುಗಿಸುತ್ತಿದ್ದುವು. ನಶ್ತಿಫಾನ್ ಎಂಬ ಊರಿನಲ್ಲಿ ಮಣ್ಣು ಮತ್ತು ಮರಗಳಿಂದ ಕಟ್ಟಿದ ಅಂಥ ಯಂತ್ರಗಳು ಉಳಿದು ಬಂದಿವೆ. ಕರೇಜಿನ ವಿದ್ಯೆ ಇರಾನಿನಿಂದ ದಖ್ಖಣಕ್ಕೆ ಬಂದಿತು. ಗಾಳಿಯಂತ್ರದ ವಿದ್ಯೆ ಇಲ್ಲಿ ಬೇರೂರಲಿಲ್ಲ. ಎರಡೂ ಜೊತೆಯಾಗಿ ಬಂದು ನೆಲೆಸಿದ್ದರೆ, ಬೀದರಿನ ಕೋಟೆಯ ಬುರುಜುಗಳ ಸಾಲಿನಲ್ಲಿ ಗಾಳಿಯಂತ್ರಗಳೂ ನಿಂತಿರುತ್ತಿದ್ದುವು. ನಮ್ಮ ತಾಯಂದಿರು ಬೆಳಗಿನ ಜಾವದಲ್ಲಿ ಎದ್ದು ಬೀಸಿದ ರಾಶಿ ರಾಶಿ ಜೋಳದಲ್ಲಿ ಒಂದು ಪಾಲನ್ನಾದರೂ ಗಾಳಿಯೇ ಬೀಸಿಕೊಡುತ್ತಿತ್ತು.

ಎರಡನೆಯ ‘ರೆ’ ಹತ್ತೊಂಬತ್ತನೆಯ ಶತಮಾನದ್ದು. ಉಗಿಯಂತ್ರವು ಕಲ್ಲಿದ್ದಲನ್ನು ತಿಂದು ಯೂರೋಪನ್ನು ಆಳುತ್ತಿದ್ದ ಕಾಲದಲ್ಲಿಯೇ, ಬಿಸಿಲಿನಿಂದ ಉಗಿಯನ್ನು ಹುಟ್ಟಿಸಬಹುದೆಂದು ತೋರಿಸಿದವರು ಕೆಲವರಿದ್ದರು. ಫ್ರಾನ್ಸಿನ ಗಣಿತ ಅಧ್ಯಾಪಕ ಆಗಸ್ಟಿನ್ ಮೂಶೋ 1878ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ದೊಡ್ಡದೊಂದು ಕನ್ನಡಿಯ ಬೋಗುಣಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ, ಉಗಿಯಂತ್ರವನ್ನು ನಡೆಸಿ, ಅದರಿಂದ ಮಂಜುಗಡ್ಡೆಯನ್ನು ತಯಾರಿಸಿ ತೋರಿಸಿದನು. ಅವನ ಸಹಾಯಕ ಆಬೆಲ್ ಪೀಫ್ರ್ 1882ರಲ್ಲಿ ಪ್ಯಾರಿಸಿನ ತೋಟವೊಂದರಲ್ಲಿ ಬಿಸಿಲಿನಿಂದ ನಡೆಯುವ ಅಚ್ಚಿನ ಯಂತ್ರವನ್ನಿರಿಸಿ ‘ಸೂರ್ಯ ಪತ್ರಿಕೆ’ ಎಂಬ ಹೆಸರಿನ ಹಾಳೆಯನ್ನು ಮುದ್ರಿಸಿದನು.

ಇದೇ ಕಾಲದಲ್ಲಿ, ಬೀದರಿನಿಂದ ಬಹುದೂರವಲ್ಲದ ಮುಂಬಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಆಂಗ್ಲ ಅಧಿಕಾರಿಯೊಬ್ಬನು ಇಂಥದೇ ಪ್ರಯೋಗದಲ್ಲಿ ತೊಡಗಿದ್ದನು. ದುಬಾರಿಯಾದ ಬಾಗಿದ ಕನ್ನಡಿಯ ಬದಲು ಸಾಮಾನ್ಯವಾದ ಚಪ್ಪಟೆ ಕನ್ನಡಿಗಳನ್ನೇ ಅರ್ಧವೃತ್ತಾಕಾರವಾಗಿ ಸಾಲು ಸಾಲಾಗಿ ನಿಲ್ಲಿಸಿ, ಅವುಗಳ ಬಿಸಿಲೆಲ್ಲ ಒಂದು ಹಂಡೆಯ ಮೇಲೆ ಬೀಳುವಂತೆ ಮಾಡಿದನು. ಆ ಉಗಿಯಿಂದ ಎರಡೂವರೆ ಕುದುರೆ ಶಕ್ತಿಯ ನೀರೆತ್ತುವ ಯಂತ್ರವನ್ನು ನಡೆಸಿದನು. ಅವನ ಸೌರ ಒಲೆಯು ಮುಂಬಯಿಯ ಜನವರಿ ತಿಂಗಳಿನಲ್ಲಿ ಏಳು ಮಂದಿ ಸಿಪಾಯಿಗಳ ಅಡುಗೆಯನ್ನು ಎರಡು ಗಂಟೆಗಳಲ್ಲಿ ಬೇಯಿಸಿತು. ಉಷ್ಣ ದೇಶಗಳಲ್ಲಿ ಸೌದೆಗೆ ಬದಲಾಗಿ ಸೂರ್ಯನ ಶಾಖವನ್ನು ಬಳಸುವ ಬಗೆಯನ್ನು ಕುರಿತು 1878ರಲ್ಲಿ ಅವನು ಒಂದು ಪುಸ್ತಕವನ್ನೂ ಪ್ರಕಟಿಸಿದನು. ಮುಂದೆ 1913ರಲ್ಲಿ ಫ್ರಾಂಕ್ ಶೂಮನ್ ಎಂಬ ಅಮೆರಿಕನ್ನನು ಈಜಿಪ್ಟಿನ ಕೈರೋ ನಗರದ ಬಳಿಯ ಮಾದಿಯಲ್ಲಿ ಉದ್ದನೆಯ ದೋಣಿಯಾಕಾರದ ಕನ್ನಡಿಗಳನ್ನು ನಿಲ್ಲಿಸಿ, ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿದನು.

ಹಾಗಾದರೆ ಈ ಯಂತ್ರಗಳೆಲ್ಲ ಏಕೆ ಮೂಲೆಗುಂಪಾದುವು? ಅವು ಕೆಲಸ ಮಾಡಲಿಲ್ಲವೆಂದಲ್ಲ. ಫ್ರಾನ್ಸಿಗೆ ಇಂಗ್ಲೆಂಡಿನ ಕಲ್ಲಿದ್ದಲು ಅಗ್ಗವಾಗಿ ಬರತೊಡಗಿದಾಗ ಮೂಶೋನ ಪ್ರಯೋಗಕ್ಕೆ ಸರಕಾರದ ನೆರವು ನಿಂತಿತು. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗಲು ಶೂಮನ್ನನ ಕಾರ್ಯ ಮುರಿದುಬಿದ್ದಿತು. ಯುದ್ಧ ಮುಗಿಯುವ ವೇಳೆಗೆ ತೈಲದ ಕಾಲ ಬಂದಿತ್ತು. ಸೂರ್ಯನಿಗೆ ತನ್ನದೇ ಆದ ದೋಷಗಳೂ ಇದ್ದುವು. ರಾತ್ರಿಯಲ್ಲಿ ಅವನಿಲ್ಲ, ಮೋಡ ಕವಿದಾಗ ಅವನಿಲ್ಲ. ಕಲ್ಲಿದ್ದಲನ್ನು ಗಾಡಿಯಲ್ಲಿ ಹೇರಿ ಬೇಕಾದಲ್ಲಿಗೆ ಒಯ್ಯಬಹುದು, ಬೇಕಾದಾಗ ಸುಡಬಹುದು. ಬಿಸಿಲನ್ನು ಹಾಗೆ ಹೇರಿಡಲು ಅಂದು ಬಾರದು. ಕಲ್ಲಿದ್ದಲಿನ ಗೆಲುವಿನಲ್ಲಿ ಅದರ ಗುಣದ ಪಾಲಿದ್ದಂತೆ, ಬೆಲೆ, ಯುದ್ಧ ಮತ್ತು ಆಳುವವರ ಆಯ್ಕೆಗಳ ಪಾಲೂ ಇದ್ದಿತು.

ಆಯ್ಕೆಯ ಮಾತು ಬಂದಾಗ ಕನ್ನಡ ನಾಡಿನ ಎರಡು ಭಾಗಗಳನ್ನು ಹೋಲಿಸಿ ನೋಡುವುದು ಉಚಿತ. ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ತನ್ನು ಉತ್ಪಾದಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಿತು. ಅಷ್ಟು ದೂರ ವಿದ್ಯುತ್ತನ್ನು ಒಯ್ದುದು ಆ ಕಾಲದಲ್ಲಿ ಜಗತ್ತೇ ಬೆರಗಾದ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ಕಾವೇರಿಯ ಬೆಳಕನ್ನು ಕಂಡುವು. ಬೀದರ, ಭಾಲ್ಕಿ, ಔರಾದಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದುವು. ಆ ಸಂಸ್ಥಾನದ ಯೆಲ್ಲಂದು ಪ್ರದೇಶದಲ್ಲಿ 1889ರ ಹೊತ್ತಿಗೆ ಕಲ್ಲಿದ್ದಲಿನ ಗಣಿ ಆರಂಭವಾಗಿತ್ತು. 1920ರಲ್ಲಿ ಹುಸೇನ್ ಸಾಗರದ ದಡದಲ್ಲಿ ಉಷ್ಣ ವಿದ್ಯುತ್ ಸ್ಥಾವರವು ನಿಂತಿತು. ಔರಾದ, ಭಾಲ್ಕಿ ತಾಲ್ಲೂಕುಗಳ ನೆಲವನ್ನು ಮುಟ್ಟಿ ಹರಿಯುವ ಮಾಂಜ್ರಾ ನದಿಗೆ ಮುಂದೆ ತೆಲುಗು ನಾಡಿನಲ್ಲಿ 1931ರ ವೇಳೆಗೆ ನಿಜಾಮಸಾಗರವೆಂಬ ದೊಡ್ಡ ಅಣೆಕಟ್ಟು ಕಟ್ಟಲ್ಪಟ್ಟಿತು. ಒಂದೇ ಭಾಷೆಯನ್ನಾಡುವ ಎರಡು ಪ್ರದೇಶಗಳಲ್ಲಿ ಒಂದರ ದೀಪಗಳನ್ನು ನದಿಯು ಬೆಳಗಿಸಿತು; ಇನ್ನೊಂದರ ರಾಜಧಾನಿಯ ದೀಪಗಳನ್ನು ಕಲ್ಲಿದ್ದಲು ಬೆಳಗಿಸಿತು. ಆದುದರಿಂದ, ಕಲ್ಲಿದ್ದಲಿಲ್ಲದೆ ಹೊಸ ಯುಗವೇ ಬರುತ್ತಿರಲಿಲ್ಲ ಎನ್ನುವುದು ಪೂರ್ಣ ಸತ್ಯವಲ್ಲ. ನಮ್ಮ ನಾಡಿನಲ್ಲಿಯೇ ಅದಕ್ಕೆ ಉತ್ತರವಿದೆ.

ಬೆಂಗಳೂರಿನ ಬೀದಿಗಳಲ್ಲಿ ಜಲವಿದ್ಯುತ್ತು ಬೆಳಗಿದ ಅದೇ 1905ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಎಂಬ ಲೇಖಕಿ ‘ಸುಲ್ತಾನಳ ಕನಸು’ ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆ ಕಥೆಯಲ್ಲಿ ಒಂದು ಸ್ತ್ರೀರಾಜ್ಯವಿದೆ. ಅಲ್ಲಿಯ ವಿದುಷಿಯರು ಸೂರ್ಯನ ಶಾಖವನ್ನು ಸಂಗ್ರಹಿಸುವ ಯಂತ್ರವನ್ನು ಕಂಡುಹಿಡಿದಿದ್ದಾರೆ; ಮೋಡಗಳಿಂದ ನೀರನ್ನು ಇಳಿಸಿಕೊಳ್ಳುವ ಉಪಾಯವನ್ನೂ ಬಲ್ಲರು. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಇದ್ದಲಿಲ್ಲ. ಶತ್ರುಗಳು ದಂಡೆತ್ತಿ ಬಂದಾಗ ಬಿಸಿಲನ್ನೇ ಅವರ ಮೇಲೆ ತಿರುಗಿಸಿ ಹಿಮ್ಮೆಟ್ಟಿಸುತ್ತಾರೆ. ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ, ಒಬ್ಬ ಹೆಣ್ಣುಮಗಳು ಶಕ್ತಿಯ ಪ್ರಶ್ನೆಯನ್ನೂ ವಿದ್ಯೆಯ ಪ್ರಶ್ನೆಯನ್ನೂ ಒಂದೇ ಕಥೆಯಲ್ಲಿ ಹೆಣೆದುದು ಗಮನಿಸಬೇಕಾದ ಸಂಗತಿ. ಈ ಕಥೆಗೆ ಗೊಂಡ ಜನಾಂಗದ ಚಿತ್ರಕಲಾವಿದೆ ದುರ್ಗಾಬಾಯಿ ಅವರು ತಮ್ಮ ಸಂಪ್ರದಾಯದ ರೇಖೆಗಳಲ್ಲಿ ಚಿತ್ರಗಳನ್ನು ಬರೆದಿದ್ದಾರೆ. ಚಿತ್ರಾ ಗಣೇಶ್ ಎಂಬ ಕಲಾವಿದೆ 2018ರಲ್ಲಿ ಇದನ್ನೇ ಆಧರಿಸಿ ಇಪ್ಪತ್ತೇಳು ಅಚ್ಚುಚಿತ್ರಗಳ ಮಾಲೆಯನ್ನು ರಚಿಸಿದರು. ನೂರು ವರ್ಷ ಕಳೆದರೂ ಕನಸು ಮಾಸಲಿಲ್ಲ. ಹೊಸ ಕೈಗಳಲ್ಲಿ ಹೊಸ ಬಣ್ಣವನ್ನು ಪಡೆಯಿತು.

ಇಂಥ ಕಲ್ಪನೆಗೆ ಕಲೆಯೇ ಏಕೆ ಬೇಕು? ಅಂಕಿಗಳೂ ಸೂತ್ರಗಳೂ ಸಾಲದೆ? ಅವು ಬೇಕು, ಆದರೆ ಅವುಗಳಿಂದ ಮನಸ್ಸಿಗೆ ರೂಪವು ಕಾಣುವುದಿಲ್ಲ. ಬಸವಕಲ್ಯಾಣದ ಅನುಭವ ಮಂಟಪವನ್ನು ನೆನೆಯಿರಿ. ಹನ್ನೆರಡನೆಯ ಶತಮಾನದಲ್ಲಿ ಅದರ ಚಿತ್ರವನ್ನು ಯಾರೂ ಬರೆದಿಡಲಿಲ್ಲ. ಆದರೂ ಅಲ್ಲಮಪ್ರಭು ಶೂನ್ಯಪೀಠದಲ್ಲಿ ಕುಳಿತ, ಬಸವಣ್ಣ, ಅಕ್ಕಮಹಾದೇವಿ ಮೊದಲಾದವರು ಸುತ್ತ ನೆರೆದ ಆ ಸಭೆಯು ನಮ್ಮ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಕಟ್ಟಿಕೊಟ್ಟವರು ಬಹುಕಾಲದ ಮೇಲೆ ಬಂದ ಕವಿಗಳು ಮತ್ತು ಚಿತ್ರಕಾರರು. ವಚನಗಳ ಸಾಕ್ಷ್ಯವನ್ನು ಹಿಡಿದು, ಕಾಣದುದನ್ನು ಅವರು ಕಾಣಿಸಿದರು. ಕಲೆಯ ಈ ಶಕ್ತಿಯನ್ನೇ ನಡೆಯದ ಚರಿತ್ರೆಗೂ ಅನ್ವಯಿಸಬಹುದು.

ಆದರೆ ಈ ಕಲ್ಪನೆಗೆ ಒಂದು ಕಟ್ಟುಪಾಡು ಅಗತ್ಯ. ಒಂದು ಸಂಗತಿಯನ್ನು ಮಾತ್ರ ಬದಲಿಸಬೇಕು. ಉಳಿದುದೆಲ್ಲ ಅದರಿಂದ ಸಹಜವಾಗಿ ಹೊರಡಬೇಕು. ಆ ಕಾಲದ ಜನರಿಗೆ ತಿಳಿಯದಿದ್ದ ವಿದ್ಯೆಯನ್ನು ಅವರ ಕೈಗೆ ಕೊಡಬಾರದು. ನೆಲ, ಹವೆ, ಬೆಳೆಗಳನ್ನು ಮರೆಯಬಾರದು. ಈ ನಿಯಮಗಳಿಗೆ ಒಳಪಟ್ಟು ನಾವು ಒಂದೇ ಸಂಗತಿಯನ್ನು ಬದಲಿಸೋಣ. ಮುಂಬಯಿಯ ಆಡಮ್ಸನ ಕನ್ನಡಿ ಯಂತ್ರವನ್ನು 1880ರ ಸುಮಾರಿಗೆ ಹೈದರಾಬಾದ್ ಸಂಸ್ಥಾನವು ಬೀದರ ಜಿಲ್ಲೆಗೆ ತರಿಸಿಕೊಂಡಿತೆಂದು ಭಾವಿಸೋಣ. ಮೂವತ್ತು ವರ್ಷಗಳು ಕಳೆದ ಮೇಲೆ ಒಬ್ಬ ಕಲಾವಿದನು ಮೂರು ಊರುಗಳ ಮೂರು ಚಿತ್ರಗಳನ್ನು ರಚಿಸುತ್ತಾನೆಂದು ತಿಳಿಯೋಣ.

ಮೊದಲನೆಯ ಚಿತ್ರ ಬೀದರ ನಗರದ್ದು. ಅದು ಬಿದರಿ ತಟ್ಟೆಯ ಮೇಲಿದೆ. ಬಿದರಿ ಕಲೆಯಲ್ಲಿ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಬೆರೆಸಿ ಎರಕ ಹೊಯ್ಯುತ್ತಾರೆ. ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರನ್ನು ಸವರಿ, ಅದರ ಮೇಲೆ ಚಿತ್ರವನ್ನು ಗೀರುತ್ತಾರೆ. ಬಳಿಕ ಉಳಿಯಿಂದ ಕೊರೆದು ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸುತ್ತಾರೆ. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಸವರಿದಾಗ ಸತುವಿನ ಮೈ ಅಚ್ಚ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಕೆಲಸದಲ್ಲಿ ಲೋಹವನ್ನು ಕರಗಿಸಲು ಕುಲುಮೆ ಬೇಕು. ಕುಲುಮೆಗೆ ಇದ್ದಲು ಬೇಕು. ಸತುವು ಕರಗಲು ಸುಮಾರು 420 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಇದಕ್ಕಿಂತ ಎಷ್ಟೋ ಹೆಚ್ಚಿನ ಶಾಖವನ್ನು ಫ್ರಾನ್ಸಿನ ವಿಜ್ಞಾನಿ ಲಾವೋಸಿಯೇ 1774ರಷ್ಟು ಹಿಂದೆಯೇ ದೊಡ್ಡ ಮಸೂರದಿಂದ ಪಡೆದಿದ್ದನು. ಹಾಗಾಗಿ ನಮ್ಮ ಕಲಾವಿದನ ತಟ್ಟೆಯಲ್ಲಿ, ಎಪ್ಪತ್ತೊಂದು ಅಡಿ ಎತ್ತರದ ಚೌಬಾರದ ಗೋಪುರದ ಸುತ್ತ ಕುಶಲಕರ್ಮಿಗಳ ಮನೆಗಳಿವೆ. ಅವುಗಳ ಮಾಳಿಗೆಯ ಮೇಲೆ ಕನ್ನಡಿಗಳ ಅರ್ಧವೃತ್ತಗಳು ಬೆಳ್ಳಿಯ ಹೂಗಳಂತೆ ಅರಳಿವೆ. ನೆಲದ ಕೆಳಗೆ ಕರೇಜಿನ ನೀರು ಬೆಳ್ಳಿಯ ತಂತಿಯಂತೆ ಹರಿದಿದೆ.

ಎರಡನೆಯ ಚಿತ್ರ ಭಾಲ್ಕಿಯದು. ಕಪ್ಪು ಮಣ್ಣಿನ ಹೊಲಗಳು, ತೊಗರಿ, ಜೋಳ, ಕಬ್ಬು. ವಾಸ್ತವದಲ್ಲಿ ಇಲ್ಲಿಯ ರೈತರು ತಲೆತಲಾಂತರದಿಂದ ಎತ್ತುಗಳನ್ನು ಕಟ್ಟಿ ಕಪಿಲೆಯಿಂದ ಬಾವಿಯ ನೀರನ್ನು ಎತ್ತಿದರು. ಈಚೆಗೆ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಬಂದುವು. ಚಿತ್ರದಲ್ಲಿ ಬಾವಿಯ ದಂಡೆಯ ಮೇಲೆ ಕನ್ನಡಿ ಯಂತ್ರವಿದೆ, ಪಕ್ಕದಲ್ಲಿಯೇ ಎತ್ತರವಾದ ಕಲ್ಲಿನ ತೊಟ್ಟಿಯಿದೆ. ಬಿಸಿಲಿರುವಾಗ ನೀರನ್ನು ಮೇಲಿನ ತೊಟ್ಟಿಗೆ ಏರಿಸುತ್ತಾರೆ. ಬಿಸಿಲಿಲ್ಲದಾಗ ಅದು ತಾನಾಗಿಯೇ ಇಳಿದು ಹೊಲಕ್ಕೆ ಹರಿಯುತ್ತದೆ. ಬಿಸಿಲನ್ನು ಕೂಡಿಡಲು ಬಾರದಿದ್ದರೂ ಎತ್ತರದಲ್ಲಿ ನಿಲ್ಲಿಸಿದ ನೀರಿನ ರೂಪದಲ್ಲಿ ಅದರ ಕೆಲಸವನ್ನು ಕೂಡಿಡಬಹುದು. ಆಚೆ ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಉರಿಸಿ ಬೆಲ್ಲದ ಕೊಪ್ಪರಿಗೆಯನ್ನು ಕಾಯಿಸುತ್ತಿದ್ದಾರೆ. ಇದನ್ನು ಮಾತ್ರ ಕಲಾವಿದನು ಕಲ್ಪಿಸಬೇಕಾಗಿಲ್ಲ. ಬೆಳೆದ ಬೆಳೆಯಿಂದಲೇ ಉರುವಲನ್ನು ಪಡೆಯುವ ಈ ಜಾಣ್ಮೆ ನಮ್ಮ ರೈತರಲ್ಲಿ ಮೊದಲಿನಿಂದಲೂ ಇದೆ.

ಮೂರನೆಯ ಚಿತ್ರ ಔರಾದದ್ದು. ಕಾಲ ಆಷಾಢ, ಮುಗಿಲು ಕವಿದಿದೆ, ಕನ್ನಡಿಗಳು ಮಂಕಾಗಿವೆ. ಆದರೆ ನೈಋತ್ಯದಿಂದ ಮುಂಗಾರಿನ ಗಾಳಿ ಬಯಲಿನ ಮೇಲೆ ಭರದಿಂದ ಬೀಸುತ್ತಿದೆ. ನಮ್ಮ ನಾಡಿನಲ್ಲಿ ಬಿಸಿಲು ಕುಂದುವ ತಿಂಗಳುಗಳಲ್ಲಿಯೇ ಗಾಳಿಯ ಬಲ ಹೆಚ್ಚುವುದು ನಿಸರ್ಗದ ಒಂದು ಸೋಜಿಗದ ಹೊಂದಾಣಿಕೆ. ಆದುದರಿಂದ ಚಿತ್ರದಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಜೋಳ ಬೀಸಲ್ಪಡುತ್ತಿದೆ. ಒಂದು ಮನೆಯ ಒಳಗನ್ನೂ ಕಲಾವಿದನು ತೋರಿಸುತ್ತಾನೆ. ಒಲೆಯ ಮುಂದೆ ಕುಳಿತ ಹೆಂಗಸಿನ ಮುಖ ನಿರ್ಮಲವಾಗಿದೆ, ಗೋಡೆಗಳು ಮಸಿಗಟ್ಟಿಲ್ಲ. ಬಿಸಿಲು ಕಾಲದಲ್ಲಿ ಅಂಗಳದ ಸೌರ ಒಲೆ, ಮಳೆಗಾಲದಲ್ಲಿ ಮಾತ್ರ ತೊಗರಿ ಕಟ್ಟಿಗೆ. ವಾಸ್ತವದ ಔರಾದದಲ್ಲಿ, ಭಾಲ್ಕಿಯಲ್ಲಿ, ನಾಡಿನ ಎಲ್ಲ ಹಳ್ಳಿಗಳಲ್ಲಿ, ಎಷ್ಟು ತಲೆಮಾರುಗಳ ತಾಯಂದಿರು ಕಟ್ಟಿಗೆ ಮತ್ತು ಕುಳ್ಳಿನ ಹೊಗೆಯಲ್ಲಿ ಕಣ್ಣನ್ನೂ ಉಸಿರನ್ನೂ ಸವೆಸಿದರು! ಸಿಪಾಯಿಗಳ ಅನ್ನವನ್ನು ಎರಡು ಗಂಟೆಯಲ್ಲಿ ಬೇಯಿಸಿದ ಒಲೆಯು ಆ ತಾಯಂದಿರ ಅಂಗಳದವರೆಗೆ ಬರಲಿಲ್ಲ. ಶಕ್ತಿಯ ಚರಿತ್ರೆಯೆಂಬುದು ಕಾರಖಾನೆ ಮತ್ತು ರೈಲುಗಳ ಚರಿತ್ರೆ ಮಾತ್ರವಲ್ಲ, ಅಡುಗೆಮನೆಯ ಚರಿತ್ರೆಯೂ ಹೌದೆಂಬುದನ್ನು ಈ ಮೂರನೆಯ ಚಿತ್ರವು ನೆನಪಿಸುತ್ತದೆ.

ಚಿತ್ರಗಳು ಚೆಲುವಾಗಿವೆ. ಆದರೆ ಪ್ರಾಮಾಣಿಕನಾದ ಕಲಾವಿದನು ನೆರಳನ್ನೂ ಬರೆಯಬೇಕು. ಬಿಸಿಲಿಗೆ ಬೆಲೆಯಿಲ್ಲ, ನಿಜ. ಆದರೆ ಕನ್ನಡಿಗೆ ಬೆಲೆಯುಂಟು. ಜಾಗೀರದಾರನ ಕೈಯಲ್ಲಿ ಕನ್ನಡಿಗಳೆಲ್ಲ ಉಳಿದಿದ್ದರೆ ನೀರು ಅವನ ಹೊಲಕ್ಕೆ ಮೊದಲು ಹರಿಯುತ್ತಿತ್ತು. ಕೂಲಿಯವನು ಕೂಲಿಯವನಾಗಿಯೇ ಉಳಿಯುತ್ತಿದ್ದನು. ಆಡಮ್ಸನು ಒಲೆಯನ್ನು ಮಾಡುವಾಗ ಲೆಕ್ಕ ಹಾಕಿದ್ದು ಸಿಪಾಯಿಗಳ ಹೊಟ್ಟೆಯನ್ನು; ಶೂಮನ್ನನ ಕನ್ನಡಿಗಳು ನಿಂತದ್ದು ಬ್ರಿಟಿಷರ ಹಿಡಿತದಲ್ಲಿದ್ದ ಈಜಿಪ್ಟಿನಲ್ಲಿ. ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಚಿನ್ನದ ಗಣಿಗೆ. ದಾರಿಯಲ್ಲಿದ್ದ ಹಳ್ಳಿಗಳು ತಮ್ಮ ತಲೆಯ ಮೇಲೆ ಹಾದುಹೋದ ತಂತಿಯನ್ನು ನೋಡಿ, ಸಂಜೆಯಾದಾಗ ಎಣ್ಣೆಯ ದೀಪವನ್ನೇ ಹಚ್ಚಿದುವು. ಶಕ್ತಿ ಯಾವುದು ಎಂಬ ಪ್ರಶ್ನೆಯಷ್ಟೇ, ಅದು ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯೂ ಮುಖ್ಯ. ರೊಕೆಯಾ ಅವರು ಬಿಸಿಲಿನ ಯಂತ್ರವನ್ನು ವಿದ್ಯಾವಂತರಾದ ಸ್ತ್ರೀಯರ ಕೈಯಲ್ಲಿ ಇರಿಸಿದುದರ ಮರ್ಮವು ಇದೇ ಆಗಿದೆ.

ಹಾಗಿದ್ದರೆ ಕಳೆದುಹೋದುದನ್ನು ನೆನೆದು ಫಲವೇನು ಎಂದು ಕೇಳಬಹುದು. ಫಲವಿದೆ. ಕೆಲವು ವರ್ಷಗಳ ಹಿಂದಿನವರೆಗೆ ನೌಬಾದ್ ಕರೇಜಿನ ಬಾವಿಗಳು ಹೂಳು ಮತ್ತು ಕಸದಿಂದ ತುಂಬಿದ್ದುವು. ಸಂಶೋಧಕರು ಅದರ ಜಾಡನ್ನು ಹುಡುಕಿ ನಕ್ಷೆ ಮಾಡಿದ ಮೇಲೆ, 2014ರ ನಂತರ ಹೂಳನ್ನು ತೆಗೆಯುವ ಕೆಲಸ ನಡೆದು, ಶತಮಾನಗಳ ಹಿಂದಿನ ಸುರಂಗದಲ್ಲಿ ಮತ್ತೆ ನೀರು ಕಾಣಿಸಿತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ಮಳೆಯನ್ನು ನೆಚ್ಚಿ ಸೋತ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು, 2019ರ ವೇಳೆಗೆ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವನ್ನು ನಿರ್ಮಿಸಲಾಯಿತು. ಹೊಲದ ಒಡೆಯನಿಗೆ ವರ್ಷ ವರ್ಷವೂ ಗುತ್ತಿಗೆಯ ಹಣ ಬರುತ್ತದೆ. ಆದರೆ ಹೊಲವೇ ಇಲ್ಲದ ಕೂಲಿಕಾರನ ಪಾಲು ಯಾವುದು ಎಂಬ ಹಳೆಯ ಪ್ರಶ್ನೆ ಅಲ್ಲಿಯೂ ತಲೆಯೆತ್ತಿದೆ. ನಡೆಯದ ಚರಿತ್ರೆಯನ್ನು ಎಚ್ಚರದಿಂದ ಕಲ್ಪಿಸಿದವನಿಗೆ ನಡೆಯುತ್ತಿರುವ ಚರಿತ್ರೆಯ ಪ್ರಶ್ನೆಗಳು ಬೇಗ ಕಾಣುತ್ತವೆ.

ಕಲ್ಪನೆಯು ಕಾರ್ಯವಾಗುವುದಕ್ಕೆ ಭಾಲ್ಕಿಯಲ್ಲಿಯೇ ಒಂದು ಉದಾಹರಣೆಯಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಆಸರೆಯಿಲ್ಲದಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಕನ್ನಡ ನಾಡಿನೊಡನೆ ಬೀದರವು ಕೂಡುವುದೆಂಬುದು ಅಂದು ಯಾವ ನಕ್ಷೆಯಲ್ಲಿಯೂ ಇರದ ಚಿತ್ರ. ಆ ಚಿತ್ರವನ್ನು ಅವರು ಮಕ್ಕಳ ಪಾಟಿಯ ಮೇಲೆ ಅಕ್ಷರ ಅಕ್ಷರವಾಗಿ ಬರೆಸಿದರು. 1956ರ ನವೆಂಬರ್ 1ರಂದು ಅದು ನಕ್ಷೆಯ ಮೇಲೆಯೂ ಬಂದಿತು.

ಬಿದರಿ ಪಾತ್ರೆಗೆ ಮಣ್ಣನ್ನು ಸವರುವ ಮೊದಲು ಸತುವೂ ಬೆಳ್ಳಿಯೂ ಒಂದೇ ಬಗೆಯ ಬೂದು ಬಿಳುಪಿನಲ್ಲಿರುತ್ತವೆ. ಉಳಿಯ ಕೆಲಸವೆಲ್ಲ ಮುಗಿದಿದ್ದರೂ ಚಿತ್ರವು ಕಣ್ಣಿಗೆ ಬೀಳುವುದಿಲ್ಲ. ಮಣ್ಣು ತಗಲಿ ಹಿನ್ನೆಲೆಯು ಕಪ್ಪಾದಾಗ ಮಾತ್ರ ಒಳಗೇ ಇದ್ದ ಬೆಳ್ಳಿಯ ಬಳ್ಳಿ ಎದ್ದು ಕಾಣುತ್ತದೆ. ಕರೇಜಿನ ನೀರು, ಮುಂಬಯಿಯ ಕನ್ನಡಿ, ಸೀಸ್ತಾನದ ಗಾಳಿಯಂತ್ರ, ರೊಕೆಯಾ ಅವರ ಕನಸು ಇವೆಲ್ಲವೂ ಚರಿತ್ರೆಯ ಮೈಯಲ್ಲಿ ಹಾಗೆಯೇ ಕೂತಿದ್ದ ಬೆಳ್ಳಿಯ ಎಳೆಗಳು. ಕಲ್ಲಿದ್ದಲಿನ ಯುಗದ ಹೊಗೆಯೂ ತಾಪವೂ ಕವಿದಿರುವ ಇಂದು ಅವು ನಮಗೆ ಸ್ಪಷ್ಟವಾಗಿ ಕಾಣತೊಡಗಿವೆ. ಮುಂದಿನ ಐವತ್ತು ವರ್ಷಗಳ ಬೀದರ, ಭಾಲ್ಕಿ, ಔರಾದಗಳ ಚಿತ್ರವನ್ನು ಬರೆಯುವವರು ಈಗ ಶಾಲೆಯಲ್ಲಿ ಓದುತ್ತಿರುವ ನೀವೇ. ಆ ಚಿತ್ರದಲ್ಲಿ ಬೆಳಕು ಎಲ್ಲಿಂದ ಬರುತ್ತದೆ, ಮತ್ತು ಯಾರ ಮನೆಯೊಳಗೆ ಬೀಳುತ್ತದೆ ಎಂಬ ಎರಡನ್ನೂ ಯೋಚಿಸಿ ಕೈಗೆ ಉಳಿಯನ್ನು ತೆಗೆದುಕೊಳ್ಳಬೇಕು.